ಚೀಟಿ ಎತ್ತಿದ ಮ್ಯಾಲೂ ತಕರಾರು ಯಾಕ ಉಳೀತದ?

ಆಳಂದ ಕಡೆಯವ (ಪ್ರಶ್ನೆ)

ನಮ್ಮ ಭಾಗದಾಗ ಯಾವುದರೆ ಜಗ್ಗಾಟ ಸಮ ಸಮ ಆತು ಅಂದ್ರ ಹಿರ್ಯಾರು ಒಂದೇ ಮಾತು ಅಂತಾರ: "ಚೀಟಿ ಹಾಕ್ರಿ, ದೈವ ಇದ್ದವರಿಗೆ ಹೋಗಲಿ." ಅಣ್ತಮ್ಮರ ಹೊಲದ ಪಾಲು, ಓಣಿ ಹೆಣ್ಮಕ್ಕಳ ಭಿಶಿ (ತಿಂಗಳಾ ರೊಕ್ಕ ಕೂಡಿಸಿ ಚೀಟಿ ಎತ್ತಿ ಒಬ್ಬಾಕಿಗೆ ಕೊಡೂದು), ಕಾಲುವೆ ನೀರಿನ ಪಾಳಿ, ಪಂಚಾಯ್ತಿ ಅಧ್ಯಕ್ಷಗಿರಿ, ಎಲ್ಲಾದಕ್ಕೂ ಇದೇ ಮದ್ದು. ಆದ್ರ ಚೀಟಿ ಎತ್ತಿ ಮುಗಿದ ಮ್ಯಾಲೂ ಮಾತು ಬಿಟ್ಟ ಮನೆತನ ಊರೂರಿಗೆ ಅದಾವ. ದೈವದ ಮ್ಯಾಲ ಹಾಕಿದ ಮ್ಯಾಲ ಸಿಟ್ಟು ಮನುಷ್ಯಾರ ಮ್ಯಾಲ ಯಾಕ ಬರ್ತದ?

ಇದು ಬರೇ ಹೊಟ್ಟೆಕಿಚ್ಚು ಅಂತ ನನಗ ಅನಸೂದಿಲ್ಲ. ಚೀಟಿ ಹಾಕೂ ರೀತಿಯೊಳಗೇ ಏನೋ ತಪ್ಪು ಇರಬೇಕು. ಕಾಯ್ದೆ ಗೊತ್ತಿದ್ದವರು, ಲೆಕ್ಕ ಬಲ್ಲವರು, ಪಾಲು ಮಾಡಿಸಿದ ಅನುಭವ ಇದ್ದವರು ಬಿಡಿಸಿ ಹೇಳ್ರಿ. ಕತಿ ಬ್ಯಾಡ, ಹ್ಯಾಂಗ ಮಾಡಬೇಕು, ಎಲ್ಲಿ ಕೆಡ್ತದ, ಅಷ್ಟು ಸಾಕು.

ಎಣಿಕೆ ಟೇಬಲ್

ಚುನಾವಣೆಯಿಂದಲೇ ಶುರು ಮಾಡ್ತೀನಿ. ನೀವು ಹೇಳಿದ್ದರಲ್ಲಿ ಚೀಟಿ ಎತ್ತೋ ನಿಯಮ ಅಚ್ಚಾಗಿರೋದು ಮುಖ್ಯವಾಗಿ ಇದಕ್ಕೇ.

ವಿಧಾನಸಭೆ, ಲೋಕಸಭೆಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಂ ಅದ. ಇಬ್ಬರಿಗೆ ಮತ ಸಮ ಬಿದ್ದು, ಇನ್ನೊಂದು ಮತ ಸೇರಿದರೆ ಒಬ್ಬರು ಗೆಲ್ಲುವಂತಿದ್ದರೆ, ಚುನಾವಣಾಧಿಕಾರಿ ತಡ ಮಾಡದೆ ಅಲ್ಲೇ ಚೀಟಿ ಎತ್ತಬೇಕು. ಚೀಟಿಯಲ್ಲಿ ಬಂದವರಿಗೆ ಒಂದು ಮತ ಹೆಚ್ಚು ಬಿದ್ದಂತೆ ಲೆಕ್ಕ. ಅಂದರೆ ಎತ್ತಿದ ಹೆಸರು ಗೆದ್ದ ಹೆಸರು.

ಈಗ ಇದಕ್ಕೆ ಉಲ್ಟಾ ಇರೋದು ನೋಡ್ರಿ. 2024ರ ಫೆಬ್ರುವರಿ 27ರಂದು ಹಿಮಾಚಲ ಪ್ರದೇಶದಿಂದ ರಾಜ್ಯಸಭೆಯ ಒಂದು ಸ್ಥಾನಕ್ಕೆ ಚುನಾವಣೆ ನಡೀತು. ಶಾಸಕರು 68, ಕಾಂಗ್ರೆಸ್ಸಿನ ಅಭಿಷೇಕ್ ಮನು ಸಿಂಘ್ವಿ ಅವರಿಗೆ 34, ಬಿಜೆಪಿಯ ಹರ್ಷ್ ಮಹಾಜನ್ ಅವರಿಗೂ 34. ಚೀಟಿ ಎತ್ತಿದಾಗ ಬಂದದ್ದು ಸಿಂಘ್ವಿ ಹೆಸರು. ಗೆದ್ದವರು ಮಹಾಜನ್! ರಾಜ್ಯಸಭೆ ಚುನಾವಣೆ ಪ್ರಾಶಸ್ತ್ಯ ಮತದ್ದು (ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಗುರುತು ಹಾಕೋದು), ಅಲ್ಲಿ ಕೊನೆಗೆ ಉಳಿದವರಲ್ಲಿ ಒಬ್ಬರನ್ನು ಕೈಬಿಡುತ್ತಾ ಹೋಗೋದು ಪದ್ಧತಿ. ಹಾಗಾಗಿ ಚೀಟಿ ಬಂದವರು ಹೊರಗೆ ಎಂದು ಅರ್ಥ ಮಾಡಿದರು. ಸಿಂಘ್ವಿ ಅವರು ಈ ಅರ್ಥವನ್ನೇ ಪ್ರಶ್ನಿಸಿ ಹೈಕೋರ್ಟಿಗೆ ಹೋದರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಅರ್ಧ ಭಾಗ ಇಲ್ಲೇ ಅದ: ಬಂದ ಚೀಟಿ ಪಡೆಯೋದೋ, ಬಿಡೋದೋ? ಇದು ಡಬ್ಬಿಗೆ ಕೈ ಹಾಕುವ ಮೊದಲೇ ಎಲ್ಲರ ಬಾಯಿಂದ ಬರಬೇಕು. ಸಿಂಘ್ವಿ ಅವರಂಥ ದೇಶದ ದೊಡ್ಡ ವಕೀಲರ ವಿಷಯದಲ್ಲೇ ತಕರಾರು ಬಂತು ಅಂದಮೇಲೆ ಗುಡಿ ಕಟ್ಟಿ ಮೇಲೆ ಬರೋದಿಲ್ಲವೇ?

ಗ್ರಾಮ ಪಂಚಾಯ್ತಿಯಲ್ಲಿ ಸಮ ಮತ ಬೀಳೋದು ಅಪರೂಪ ಅಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಮತದಾರರು ಅದಕ್ಕಿಂತಲೂ ಕಡಿಮೆ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರವೇ ಒಂದು ಮತದ ಅಂತರದಲ್ಲಿ ತೀರ್ಮಾನ ಆಯ್ತು, ವಾರ್ಡಿನ ಮಾತೇನು. ಚೀಟಿಗೆ ಒಪ್ಪುವ ಮುಂಚೆ ಅಭ್ಯರ್ಥಿ ಮಾಡಬೇಕಾದ ಕೆಲಸ ಒಂದದ: ಫಲಿತಾಂಶ ಘೋಷಣೆಗೆ ಮೊದಲು, ಕಾರಣ ಬರೆದು, ಮರುಎಣಿಕೆ ಕೇಳೋದು. ಕಾಗದದ ಮತಪತ್ರ ಇದ್ದಲ್ಲಿ ತಿರಸ್ಕೃತ ಮತಗಳ ಕಟ್ಟನ್ನು ಒಂದೊಂದೇ ನೋಡಿ. ಎರಡು ಗುರುತಿನ ನಡುವಿನ ಗೆರೆ ಮೇಲೆ ಬಿದ್ದ ಮುದ್ರೆ, ಮಡಚಿದಾಗ ಇನ್ನೊಂದು ಕಡೆ ಅಂಟಿದ ಮಸಿ, ಇವೇ ಜಗಳದ ಬೇರು. ಮಡಿಕೆಯಿಂದ ಮೂಡಿದ ಮಸಿ ತಿರುಗುಮುರುಗಾಗಿ ಕಾಣ್ತದ, ಮೂಲ ಮುದ್ರೆ ನೆಟ್ಟಗಿರ್ತದ. 2020ರ ಡಿಸೆಂಬರ್ ಚುನಾವಣೆಯಲ್ಲಿ ಬೀದರ ಜಿಲ್ಲೆಗೆ ಮಾತ್ರ ಮತಯಂತ್ರ ಬಂದಿತ್ತು, ಕಲಬುರಗಿ, ಯಾದಗಿರಿಗೆ ಮತಪತ್ರವೇ. ಯಂತ್ರದಲ್ಲಿ ಈ ಮಸಿ ಪುರಾಣ ಇಲ್ಲ.

ಫಲಿತಾಂಶ ಬಂದ ಮೇಲೆ ಉಳಿಯೋ ದಾರಿ ಚುನಾವಣಾ ತಕರಾರು ಅರ್ಜಿ. ಪಂಚಾಯ್ತಿ ಚುನಾವಣೆಗೆ 30 ದಿನದ ಗಡುವು, ಸಿವಿಲ್ ನ್ಯಾಯಾಲಯಕ್ಕೆ. "ನನಗೆ ದೈವ ಇರಲಿಲ್ಲ" ಅನ್ನೋದು ಅರ್ಜಿಗೆ ಕಾರಣ ಆಗೋದಿಲ್ಲ, ಎಣಿಕೆಯ ತಪ್ಪು ತೋರಿಸಬೇಕು.

ಲೆಕ್ಕದ ಮಾಸ್ತರ

ಒಂದು ತಪ್ಪು ತಿಳಿವಳಿಕೆ ಮೊದಲು ತೆಗೀತೀನಿ. "ಮೊದಲು ಎತ್ತಿದವನಿಗೆ ಲಾಭ" ಅಂತ ಜನ ಗುದ್ದಾಡ್ತಾರ. ಇಲ್ಲ. ಐದು ಚೀಟಿಯೊಳಗ ಒಂದು ಗೆಲ್ಲೂದು ಅಂದ್ರ ಮೊದಲನೆಯವನಿಗೆ ಐದರಾಗ ಒಂದು. ಎರಡನೆಯವನಿಗೆ? ಮೊದಲನೆಯವ ತಪ್ಪಿಸಿಕೊಳ್ಳೂ ಸಾಧ್ಯತೆ ಐದರಾಗ ನಾಲ್ಕು, ಉಳಿದ ನಾಲ್ಕರಾಗ ಒಂದು. ಗುಣಿಸ್ರಿ, ಮತ್ತ ಐದರಾಗ ಒಂದೇ. ಕೊನೆಯವನ ತನಕ ಇದೇ ಲೆಕ್ಕ. ಆದ್ರೂ ಕೊನೆಯವ ಕೈ ಹಾಕದೇ "ಉಳಿದದ್ದು ನಿಂದು" ಅಂದ್ರ ಅವಗ ಮೋಸ ಆದಂಗ ಅನಸ್ತದ. ಅದಕ್ಕ ಎಲ್ಲಾರೂ ಎತ್ತಿ ಮುಷ್ಟಿಯೊಳಗ ಹಿಡೀಬೇಕು, ಬಿಚ್ಚೂದು ಒಮ್ಮೆಲೆ.

ಲೆಕ್ಕ ಕೆಡೂದು ಕಲಸೂದರಾಗ. ಅಮೆರಿಕದಾಗ 1969ರ ಡಿಸೆಂಬರ್ 1ಕ್ಕ ವಿಯೆಟ್ನಾಂ ಯುದ್ಧಕ್ಕ ಹುಡುಗರನ್ನ ಕರೀಲಿಕ್ಕ ಹುಟ್ಟಿದ ದಿನಾಂಕದ ಮ್ಯಾಲ ಚೀಟಿ ಎತ್ತಿದ್ರು. ದಿನಾಂಕ ಬರೆದ ಡಬ್ಬಿಗಳನ್ನ ಜನವರಿಯಿಂದ ತಿಂಗಳ ಸಾಲಿನಂಗ ಸುರುವಿ, ಸರಿಯಾಗಿ ಕಲಸಲಿಲ್ಲ. ಕೊನಿಗೆ ಸುರುವಿದ ನವೆಂಬರ್, ಡಿಸೆಂಬರ್ ಮ್ಯಾಲೇ ಉಳಿದು ಮೊದಲು ಬಂದ್ವು. ಯಾರೂ ಕಳ್ಳತನ ಮಾಡಿರಲಿಲ್ಲ, ಆದ್ರೂ ಅನ್ಯಾಯ ಆತು. ಮುಂದಿನ ವರ್ಷ ದಿನಾಂಕಕ್ಕೊಂದು, ಅನುಕ್ರಮಕ್ಕೊಂದು, ಎರಡು ಪೀಪಾಯಿ ಇಟ್ಟು ತಿದ್ದಿದ್ರು.

ನಮ್ಮ ಕಡೆ ತಂಬಿಗಿ ಬಳಸ್ತಾರ. ತಂಬಿಗಿ ಬ್ಯಾಡ. ಬಾಯಿ ಸಣ್ಣದು, ಒಳಗ ಚೀಟಿ ತಿರುಗೂದಿಲ್ಲ, ಮ್ಯಾಲಿಂದು ಮ್ಯಾಲೇ. ಅಗಲ ಬಾಯಿ ಇರೂ ಸ್ಟೀಲ್ ಡಬ್ಬಿಗೆ ಮುಚ್ಚಳ ಹಾಕಿ ತಲೆಕೆಳಗ ಮಾಡಿ ಕುಲುಕ್ರಿ. ಚೀಟಿ ಒಂದೇ ಹಾಳಿಯಿಂದ, ಒಂದೇ ಅಳತಿ, ಮಡಿಕಿ ಎಣಿಸಿ ಒಂದೇ ಸಮ. ಜೆಲ್ ಪೆನ್ ಹಿಂದಕ್ಕ ಮೂಡ್ತದ, ಬಾಲ್ ಪೆನ್ ಒತ್ತಿ ಬರೆದರ ಬೆರಳಿಗೆ ಸಿಗ್ತದ. ದಪ್ಪ ಹಾಳಿ ಮ್ಯಾಲ ಪೆನ್ಸಿಲ್ ಛಲೋ. ಸಣ್ಣ ಹುಡುಗನ ಕೈಲೆ ಎತ್ತಿಸೂದು ಸರಿಯೇ ಅದ, ಆದ್ರ ಅದು ಇಬ್ಬರ ಪೈಕಿ ಒಬ್ಬರ ಮನಿ ಕೂಸು ಆಗಬಾರದು, ನೋಡ್ರಿ.

ಬಾಂದಗಲ್ಲು

ಹೊಲದ ಪಾಲಿನ ಬಗ್ಗೆ ಉದ್ದ ಬರೀತೀನಿ, ಯಾಕಂದ್ರ ಚೀಟಿ ಹೆಸರಿನ ಅನ್ಯಾಯ ಅತೀ ಹೆಚ್ಚು ನಡೆಯೋದು ಇಲ್ಲೇ.

ದೊಡ್ಡ ತಪ್ಪು: ಎಕರೆ ಸಮ ಮಾಡಿ ಚೀಟಿ ಹಾಕೋದು. ಹನ್ನೆರಡು ಎಕರೆ, ಮೂವರು ಅಣ್ತಮ್ಮರು, ತಲಾ ನಾಲ್ಕು, ಎತ್ತು ಚೀಟಿ. ಆದರೆ ಹಳ್ಳದ ದಂಡಿ ಎರಿ (ಕಪ್ಪು ಮಣ್ಣಿನ) ಹೊಲ ನಾಲ್ಕು ಎಕರೆ ಬೇರೆ, ಮ್ಯಾಲಿನ ಮರಡಿ (ಕಲ್ಲು ನೆಲ) ನಾಲ್ಕು ಎಕರೆ ಬೇರೆ. ಎರಿಯಲ್ಲಿ ತೊಗರಿ ಆದ್ರೂ ಬರ್ತದ, ಹಿಂಗಾರಿ ಜೋಳ ಆದ್ರೂ ಬರ್ತದ. ಮರಡಿಯಲ್ಲಿ ಮಳಿ ಎರಡು ವಾರ ಕೈಕೊಟ್ಟರೆ ಬಾಡ್ತದ. ಇಂಥ ಪಾಲಿನ ಮೇಲೆ ಚೀಟಿ ಹಾಕೋದು ಅಂದ್ರೆ ಒಬ್ಬನನ್ನ ಆರಿಸಿ ಬಡವನನ್ನಾಗಿ ಮಾಡೋದು, ಹೊಣೆ ಮಾತ್ರ ದೇವರ ತಲೆಗೆ. ಸೋತವನ ಸಿಟ್ಟು ಅಣ್ಣನ ಮೇಲೆ ಬರೋದು ಸಹಜ, ಪಾಲು ಕೊರೆದವರು ಮನುಷ್ಯರೇ ಅಲ್ಲವೇ. ಚೀಟಿ ಇರೋದು ಸಮ ಇದ್ದದ್ದರಲ್ಲಿ ಯಾವುದು ಯಾರಿಗೆ ಅಂತ ಹೇಳಲಿಕ್ಕೆ. ಹೆಚ್ಚು ಕಡಿಮೆ ಇದ್ದದ್ದನ್ನ ಸಮ ಮಾಡೋ ಶಕ್ತಿ ಅದಕ್ಕಿಲ್ಲ.

ಸರಿಯಾದ ಕ್ರಮ ಹೀಂಗ. ಪಹಣಿ, ಹಳೆ ಟಿಪ್ಪಣಿ, ನಕ್ಷೆ ತೆಗೆಸಿ, ಬಾಂದಗಲ್ಲು (ಗಡಿ ಕಲ್ಲು) ತಮ್ಮ ಜಾಗದಲ್ಲಿ ಅದಾವೋ ಇಲ್ಲೋ ನೋಡಿ. ಒಡ್ಡು ಸರಿದಿದ್ದರೆ ಪಹಣಿಯಲ್ಲಿದ್ದಷ್ಟು ಹೊಲ ನೆಲದ ಮೇಲೆ ಇರೋದಿಲ್ಲ. ಖರಾಬು (ಬೆಳೆ ಬಾರದ ನೆಲ) ಎಷ್ಟು ಅಂತ ಬೇರೆ ತೆಗೀರಿ. ಆಮೇಲೆ ಹೊಲವನ್ನ ಮಣ್ಣಿನ ಪ್ರಕಾರ ತುಂಡು ಮಾಡಿ, ಪ್ರತಿ ತುಂಡಿಗೆ ಎಕರೆಗೆ ಇಷ್ಟು ಅಂತ ಬೆಲೆ ಕಟ್ಟಿ. ಉದಾಹರಣೆಗೆ ಎರಿ ಎಕರೆಗೆ 12 ಲಕ್ಷ, ಮರಡಿ 6 ಲಕ್ಷ ಅಂತ ಮೂವರೂ ಒಪ್ಪಿದರೆ, ಎರಿ 4 ಎಕರೆಗೆ 48, ಮರಡಿ 8 ಎಕರೆಗೆ 48, ಒಟ್ಟು 96 ಲಕ್ಷ, ತಲಾ 32. ಈಗ ಒಂದು ಪಾಲಿನಲ್ಲಿ ಎರಿ 2 ಎಕರೆ 27 ಗುಂಟೆ ಮಾತ್ರ ಇದ್ದರೂ ಅದು ಮರಡಿಯ 5 ಎಕರೆ 13 ಗುಂಟೆಗೆ ಹತ್ತಿರ ಹತ್ತಿರ ಸಮ. ಎಕರೆಗೆ 40 ಗುಂಟೆ, ಲೆಕ್ಕ ಹಾಕಿ ನೋಡಿ. ಚೂರು ಪಾರು ಉಳಿದರೆ ರೊಕ್ಕದಲ್ಲಿ ಸರಿದೂಗಿಸಿ.

ಜನ ಮರೆಯೋದು ಹೊಲದ ಹೊರಗಿನ ವಸ್ತುಗಳನ್ನ. ಬಂಡಿ ದಾರಿ ಯಾರ ಪಾಲಿನ ಮೇಲೆ ಹಾಯ್ತದ, ಎಷ್ಟು ಅಡಿ ಅಗಲ? ಬೋರ್ ಯಾರ ತುಂಡಿನಲ್ಲಿ ಬಂದರೂ ಮೀಟರ್ ಯಾರ ಹೆಸರಿಗೆ, ಮೋಟರ್ ಸುಟ್ಟರೆ ಖರ್ಚು ಯಾರದು, ನೀರು ಹಂಚಿಕೆ ಎಷ್ಟೆಷ್ಟು ತಾಸು? ಬೇವಿನ ಗಿಡ, ಮಾವಿನ ಗಿಡ? ಹಿರಿಯರ ಗದ್ದಿಗಿ ಹೊಲದಲ್ಲಿದ್ದರೆ ಅಲ್ಲಿಗೆ ಹೋಗಿ ಬರುವ ಹಾದಿ? ಇವನ್ನ ಚೀಟಿಗೆ ಮೊದಲೇ ಬರೆದು ಓದಿ ಹೇಳಬೇಕು. ಚೀಟಿ ಬಿಚ್ಚಿದ ಮೇಲೆ ದಾರಿ ಕೇಳಿದರೆ ಅದು ಹಕ್ಕಾಗಿ ಉಳಿಯೋದಿಲ್ಲ, ಭಿಕ್ಷೆ ಆಗ್ತದ.

ಇಬ್ಬರೇ ಇದ್ದರೆ ಚೀಟಿಯೇ ಬೇಡ. ಒಬ್ಬ ಪಾಲು ಕೊರೀಲಿ, ಇನ್ನೊಬ್ಬ ಆರಿಸಲಿ. ಕೊರೆಯುವವ ತನಗೆ ಯಾವುದು ಬಂದರೂ ನಡೆಯುವಂತೆಯೇ ಕೊರೀತಾನೆ. ಕೊರೆಯೋದು ಯಾರು ಅನ್ನೋದಕ್ಕೆ ಬೇಕಾದರೆ ಒಂದು ನಾಣ್ಯ ಚಿಮ್ಮಿ.

ಅಕ್ಕ ತಂಗೇರನ್ನ ಬಿಟ್ಟು ಚೀಟಿ ಹಾಕೋದು ಇನ್ನೊಂದು ಹುಣ್ಣು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು 2005ರ ತಿದ್ದುಪಡಿಯಿಂದ ಬಂದದ. ಆ ದಿನ ತಂದೆ ಬದುಕಿರಬೇಕಿತ್ತು ಅನ್ನೋ ವಾದವನ್ನ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿತು. ತಂಗಿ ಒಲ್ಲೆ ಅಂದರೆ ಬಾಯಿಮಾತು ಸಾಲದು, ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಉಡಿ ತುಂಬಿ ಸೀರಿ ಕೊಟ್ಟು ಸಹಿ ಮಾಡಿಸೋ ಪದ್ಧತಿ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿ ಬೇಡ. ಕೇಳದೇ ಬಿಟ್ಟರೆ ಮಾತ್ರ ಎತ್ತಿದ ಎಲ್ಲಾ ಚೀಟಿಯೂ ನಾಳೆ ದಾವೆಯಲ್ಲಿ ಬಿದ್ದುಹೋಗ್ತದ.

ಕೊನೆ ಹಂತ ಕಾಗದ. 11ಇ ನಕ್ಷೆ (ಸರ್ವೇ ಇಲಾಖೆ ಕೊಡೋ ಪಾಲಿನ ನಕ್ಷೆ) ಮಾಡಿಸಿ ಪಾಲುಪತ್ರ ನೋಂದಣಿ ಮಾಡಿ, ಮ್ಯುಟೇಶನ್ (ಹೆಸರು ಬದಲಾವಣೆ) ಆಗಿ ಪಹಣಿ ಬೇರೆ ಆಗುವ ತನಕ ಬೆನ್ನು ಹತ್ತಿ. ಬಾಂಡ್ ಮೇಲೆ ಬರೆದು ಪಂಚರ ಸಹಿ ಹಾಕಿಸಿ ಟ್ರಂಕಿನಲ್ಲಿಟ್ಟ ಪಾಲು, ಬೆಳೆ ಸಾಲಕ್ಕೆ ಹೋದಾಗ ಎಲ್ಲರ ಹೆಸರೂ ಜಂಟಿ ಅಂತಲೇ ತೋರಿಸ್ತದ. ಆಗ ಒಬ್ಬನ ಸಾಲಕ್ಕೆ ಉಳಿದವರ ಸಹಿ ಬೇಕು, ಹಳೆ ಜಗಳ ಹೊಳ್ಳಿ ಶುರು.

ಶಹಾಬಾದ ಅಕ್ಕ

ಭಿಶಿ ಲೆಕ್ಕ ನಾ ಹೇಳ್ತೀನಿ. 20 ಮಂದಿ, ತಿಂಗಳಿಗೆ 1,000, ಪ್ರತಿ ತಿಂಗಳ ಒಬ್ಬಾಕಿಗೆ 20,000. ಎಲ್ಲಾರೂ ಅಷ್ಟೇ ಕಟ್ತಾರ, ಅಷ್ಟೇ ಪಡೀತಾರ, ಮತ್ತ ಅನ್ಯಾಯ ಎಲ್ಲಿಂದ ಬಂತು? ದಿನದಾಗ ಅದ. ಮೊದಲ ತಿಂಗಳ ಬಂದಾಕಿಗೆ 19 ತಿಂಗಳ ಮೊದಲೇ ರೊಕ್ಕ ಸಿಕ್ತು. ನೂರಕ್ಕ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಹಿಡಿದರ 20,000ಕ್ಕ ತಿಂಗಳಿಗೆ 400, ಹತ್ತೊಂಬತ್ತು ತಿಂಗಳಿಗೆ 7,600. ಅಂದ್ರ ಮೊದಲ ಚೀಟಿಗೂ ಕೊನಿ ಚೀಟಿಗೂ 7,600 ರೂಪಾಯಿ ಫರಕ. ಇದನ್ನ ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ, ಮನಸ್ಸಿನಾಗ ಎಲ್ಲಾರಿಗೂ ಗೊತ್ತಿರ್ತದ.

ಸ್ವಲ್ಪ ಸರಿದೂಗಿಸಲಿಕ್ಕ ಬರ್ತದ. ರೊಕ್ಕ ಎತ್ತಿದಾಕಿ ಮುಂದಿನ ಪ್ರತಿ ಕಂತಿಗೆ 50 ಹೆಚ್ಚು ಕಟ್ಟಲಿ. ಎರಡನೇ ತಿಂಗಳ ಭಿಶಿ 20,050, ಮೂರನೇದು 20,100, ಹಿಂಗ ಏರ್ತಾ ಇಪ್ಪತ್ತನೇದಕ್ಕ 20,950. ಪೂರ್ತಿ ಬಡ್ಡಿ ಮುಟ್ಟೂದಿಲ್ಲ ಖರೆ, ಆದ್ರ ಕೊನಿಗೆ ಉಳಿದಾಕಿ ಮಾರಿ ಸಣ್ಣದು ಆಗೂದಿಲ್ಲ.

ತಪ್ಪೂದು ಮೂರು ಕಡೆ. ಎತ್ತಿದಾಕಿ ನಡುವ ಕಟ್ಟೂದು ಬಿಡ್ತಾಳ: ಅದಕ್ಕ ಮೊದಲ ಐದು ತಿಂಗಳಿನವರು ಜಾಮೀನು ಕೊಟ್ಟೇ ಎತ್ತಬೇಕು, ಜಾಮೀನು ನಿಲ್ಲಾಕಿ ಇನ್ನೂ ಎತ್ತದೇ ಇದ್ದಾಕಿ ಆಗಬೇಕು. ಅವಳ ರೊಕ್ಕ ಒಳಗ ಇರ್ತದ ಅಂತ. "ಮಗಳ ಮದುವಿ ಅದ, ಈ ಸಾರಿ ನನಗ ಕೊಡ್ರಿ" ಅಂತ ಚೀಟಿ ಎತ್ತದೇ ಕೊಡೂದು: ಒಬ್ಬಾಕಿಗೆ ಕೊಟ್ಟರ ಮುಂದ ಹತ್ತು ಮಂದಿ ಮದುವಿ ತರ್ತಾರ. ಅದಲು ಬದಲು ಬೇಕಾದ್ರ ಚೀಟಿ ಬಂದಾಕಿ ಕೂಡ ಮಾತಾಡಿ, ಇಬ್ಬರೂ ಸಹಿ ಮಾಡಿ ಬದಲಾಯಿಸಲಿ. ಇನ್ನ ನಡೆಸೂ ಅಕ್ಕನೇ ಮೊದಲ ತಿಂಗಳ ತಗೋಳ್ಳೂದು, ಅದು ರೂಢಿ, ಆದ್ರ ಶುರುವಿಗೇ ಹೇಳಿ ತಗೋಬೇಕು.

ಕಾಯ್ದೆ ಮಾತು: ಚಿಟ್ ಫಂಡ್ ಕಾಯ್ದೆ 1982ರದು. ಅದರಿಂದ ಹೊರಗ ಉಳಿಯೂ ಮಿತಿ ಮೊದಲ 100 ರೂಪಾಯಿ ಇತ್ತು, 2019ರ ತಿದ್ದುಪಡಿಯೊಳಗ 18,000ಕ್ಕ ಏರಿತು. ಮ್ಯಾಲಿನ ಭಿಶಿಯಂಥದ್ದಕ್ಕ ಈ ಕಾಯ್ದೆ ಹತ್ತತದೋ ಇಲ್ಲೋ ತಿಳಿದವರನ್ನ ಕೇಳ್ರಿ, ಹತ್ತಿದರ ನೋಂದಣಿ ಆಗಬೇಕು. ಓಣಿಯೊಳಗ ಯಾರು ಮಾಡ್ತಾರ ಅದು ಬ್ಯಾರೆ ಮಾತು. ರೊಕ್ಕ ಮುಳುಗಿದಾಗ ಈ ಕಾಗದ ಇಲ್ಲದ್ದು ಕುತ್ತಿಗಿಗೆ ಬರ್ತದ, ಅಷ್ಟು ತಿಳಕೊಂಡು ಮಾಡ್ರಿ. ಮತ್ತ "ನಂಬರ್ ಬಂದವರು ಮುಂದಿನ ಕಂತು ಕಟ್ಟೂದು ಬ್ಯಾಡ, ಬೈಕ್ ಒಯ್ರಿ" ಅಂತ ಬರೂ ಲಕ್ಕಿ ಡ್ರಾ ಸ್ಕೀಮು ಭಿಶಿ ಅಲ್ಲ. ಅಂಥ ಬಹುಮಾನ ಚೀಟಿಗೆ 1978ರ ಕಾಯ್ದೆಯೊಳಗ ಪೂರ್ತಿ ನಿಷೇಧ ಅದ. ಮೊದಲ ಹತ್ತು ಮಂದಿಗೆ ಬೈಕ್ ಕೊಟ್ಟು ಫೋಟೋ ಹಾಕ್ತಾರ, ಉಳಿದವರ ಕಂತಿನಿಂದಲೇ ಆ ಬೈಕು ಬಂದಿರ್ತಾವ.

ಹುಣಸಗಿ ಕಾಲುವೆ

ನೀರಿನ ಪಾಳಿಗೆ ಚೀಟಿ ಒಮ್ಮೆ ಹಾಕಿ ಬಿಡಬ್ಯಾಡ್ರಿ. ವಾರಕ್ಕ 168 ತಾಸು. ಒಂದು ತೂಬಿನ ಕೆಳಗ 24 ಮಂದಿ ಸಮ ಹೊಲದವರು ಇದ್ದರ ತಲಾ 7 ತಾಸು, ಬರೋಬ್ಬರಿ. ಆದ್ರ ಚೀಟಿಯೊಳಗ ರಾತ್ರಿ ಪಾಳಿ ಬಂದವಗ ಪ್ರತಿ ವಾರ ಅದೇ ವಾರ, ಅದೇ ರಾತ್ರಿ. ಹಾವು ಚೇಳಿನ ನಡುವ ನೀರು ಕಟ್ಟೂದು ಅವನ ಹಣೆಬರಹ ಆಗಿಬಿಡ್ತದ. ಪ್ರತಿ ಹಂಗಾಮಿಗೆ ಎಲ್ಲಾರ ಪಾಳಿ 12 ತಾಸು ಮುಂದ ಸರಿಸ್ರಿ, ರಾತ್ರಿ ಇದ್ದದ್ದು ಹಗಲಾಗ್ತದ. ಇನ್ನ ಕಾಲುವೆ ತುದಿಯವರಿಗೆ ನೀರು ಮುಟ್ಟಲಿಕ್ಕೇ ಹೊತ್ತು ಹಿಡೀತದಲ್ಲ, ಆ ಹರಿಯೂ ಹೊತ್ತು ಅವರ ತಾಸಿನಾಗ ಕಡೀಬಾರದು. ಚೀಟಿ ಎಷ್ಟು ಚಂದ ಎತ್ತಿದರೂ ಈ ತುದಿಯವರ ನಷ್ಟ ಹೋಗೂದಿಲ್ಲ.

ಆಳಂದ ಕಡೆಯವ

ಎಲ್ಲಾರಿಗೂ ಶರಣು. ಬಾಂದಗಲ್ಲು ಕಾಕಾ, ನಿಮ್ಮ "ಸಮ ಇದ್ದದ್ದರಲ್ಲಿ" ಅನ್ನೂ ಮಾತು ಹಿಡಿಸ್ತು. ಎರಡು ಕೇಳೂದದ. ಒಂದು, ಪಂಚಾಯ್ತಿ ಚುನಾವಣೆಗೆ ನಿಲ್ಲೂ ನಾಲ್ಕು ಮಂದಿ ಊರಾಗೇ ಕೂತು ಚೀಟಿ ಎತ್ತಿ ಒಬ್ಬನ್ನ ಅವಿರೋಧ ಮಾಡಿದರ ತಪ್ಪೇನು? ಎರಡು, ಎತ್ತಿದ ಮ್ಯಾಲ "ಎಲ್ಲಾ ಚೀಟಿಯೊಳಗೂ ಅವನ ಹೆಸರೇ ಇತ್ತು" ಅನ್ನೂ ಗುಮಾನಿ ಹ್ಯಾಂಗ ತಪ್ಪಸೂದು?

ಎಣಿಕೆ ಟೇಬಲ್

ನಾಲ್ವರಲ್ಲಿ ಮೂವರು ತಮ್ಮ ಮನಸ್ಸಿನಿಂದ ನಾಮಪತ್ರ ವಾಪಸ್ ಪಡೆದರೆ ಅವಿರೋಧ ಆಯ್ಕೆ ಕಾನೂನಿಗೆ ಸರಿ. ತಪ್ಪಾಗೋದು ಅದರ ಹಿಂದೆ ರೊಕ್ಕ ಅಥವಾ ಬೆದರಿಕೆ ಇದ್ದಾಗ. 2020ರ ಚುನಾವಣೆ ಹೊತ್ತಿನಲ್ಲಿ ಗುಡಿ ಕಟ್ಟಲಿಕ್ಕೆ ಅಂತ ಸದಸ್ಯ ಸ್ಥಾನ ಹರಾಜು ಹಾಕಿದ ಸುದ್ದಿ ರಾಜ್ಯದ ಹಲವು ಕಡೆಯಿಂದ ಬಂದು, ಚುನಾವಣಾ ಆಯೋಗವೇ ಎಚ್ಚರಿಕೆ ಕೊಡಬೇಕಾಯ್ತು. ಹರಾಜಿಗಿಂತ ಚೀಟಿ ವಾಸಿ ಅಂತ ಅನಿಸಬಹುದು. ಆದರೆ ಐದನೆಯವನೊಬ್ಬ ನಿಲ್ತೀನಿ ಅಂದಾಗ ಊರು ಅವನಿಗೆ ಏನು ಅಂತದ ಅನ್ನೋದರ ಮೇಲೆ ಎಲ್ಲಾ ನಿಂತದ. "ನಿಲ್ಲು, ನಿನ್ನ ಹಕ್ಕು" ಅಂದರೆ ಸರಿ. ಹುಕ್ಕಾ ನೀರು ಬಂದ್, ಅಂದರೆ ಊರಿನಿಂದ ಬಹಿಷ್ಕಾರ, ಅಂತ ಹೇಳಿದರೆ ಅಪರಾಧ. ಇನ್ನೊಂದು ಮಾತು: ಹಳ್ಳಿಯ ಚೀಟಿಯಲ್ಲಿ ಹೆಸರು ಬರುವ ನಾಲ್ವರೂ ಹೆಚ್ಚಾಗಿ ಕಟ್ಟಿ ಮೇಲೆ ಕೂಡುವವರೇ. ಕೆಳಗೆ ನಿಂತು ನೋಡುವವರ ಹೆಸರು ಡಬ್ಬಿಗೆ ಬೀಳೋದೇ ಇಲ್ಲ. ಮತದಾನಕ್ಕೆ ಆ ಅಡ್ಡಿ ಇಲ್ಲ, ಅದಕ್ಕೇ ನನಗೆ ಮತಪೆಟ್ಟಿಗೆಯೇ ಮೇಲು.

ಅಧ್ಯಕ್ಷಗಿರಿ ಮಾತ್ರ ಬೇರೆ. ಅವಧಿ 30 ತಿಂಗಳು, ಮತ ಹಾಕೋರು ಸದಸ್ಯರಷ್ಟೇ. 17 ಮಂದಿಯಲ್ಲಿ ಒಂದು ಮತ ತಿರಸ್ಕೃತ ಆದರೆ 8–8, ಚೀಟಿ. ಸದಸ್ಯರನ್ನ ಬಸ್ ಹತ್ತಿಸಿ ಪ್ರವಾಸಕ್ಕೆ ಒಯ್ದು ವಾರಗಟ್ಟಲೆ ಕಾದವರ ಖರ್ಚೆಲ್ಲ ಆ ಒಂದು ತಪ್ಪು ಗುರುತಿನ ಮುಂದೆ ನೀರಲ್ಲಿ ಹೋಮ.

ಲೆಕ್ಕದ ಮಾಸ್ತರ

ಎರಡನೇ ಪ್ರಶ್ನೆ ನನಗ ಬಿಡ್ರಿ. ಮಡಚೂ ಮೊದಲು ಪ್ರತಿ ಚೀಟಿ ಬಿಚ್ಚಿ ಎಲ್ಲಾರಿಗೂ ತೋರಿಸಿ, ಜೋರಾಗಿ ಓದಿ, ಎಣಿಸಿ ಡಬ್ಬಿಗೆ ಹಾಕಬೇಕು. ಮಡಚೂದು ಒಬ್ಬ, ಕುಲುಕೂದು ಇನ್ನೊಬ್ಬ, ಎತ್ತೂದು ಮೂರನೆಯವ. ಎತ್ತುವವ ತೋಳು ಮೊಣಕೈ ತನಕ ಮಡಚಿರಬೇಕು. ಬಂದ ಚೀಟಿ ಓದಿದ ಕೂಡಲೇ ಎಲ್ಲಾರೂ ಚಪ್ಪಾಳಿ ಹೊಡೆದು ಏಳ್ತಾರಲ್ಲ, ಏಳಬ್ಯಾಡ್ರಿ. ಡಬ್ಬಿ ಕೆಳಗ ಸುರುವಿ ಉಳಿದ ಚೀಟಿನೂ ಒಂದೊಂದೇ ಬಿಚ್ಚಿ, ಬಾರದೇ ಇದ್ದವರ ಕೈಲೇ ಓದಿಸ್ರಿ. ಆಮ್ಯಾಲ ಎಲ್ಲಾ ಚೀಟಿ ಒಂದು ಹಾಳಿಗೆ ಅಂಟಿಸಿ, ಸುತ್ತ ಸಹಿ ಹಾಕಿಸಿ, ಒಂದು ಫೋಟೋ ಹೊಡಕೊಳ್ರಿ.